ನೆರೆಗೆ ಮುನ್ನ ನೆರೆಹೊರೆ

ಆಶ್ಲೇಷ ಮಳೆ ಹಿಡಿದ ಒಂದು ರಾತ್ರಿ ಶೆಟ್ಟಿಕೊಪ್ಪದ ಆಸುಪಾಸಿನಲ್ಲಿ ದೊಡ್ಡ ಮರವೊಂದು ರಸ್ತೆಗೆ ಅಡ್ಡಲಾಗಿ ಉರುಳಿತೆಂದು ಊಹಿಸಿಕೊಳ್ಳಬಹುದು. ಅದು ಬೀಳುವಾಗ ವಿದ್ಯುತ್ ತಂತಿಯನ್ನೂ ಎಳೆದುಕೊಂಡೇ ಬೀಳುತ್ತದೆ. ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಗೋಪುರವೂ ಮೂಕವಾಗುತ್ತದೆ. 112ಕ್ಕೆ ಕರೆ ಮಾಡಿರೆಂದು ಗೋಡೆಯ ಮೇಲೆ ಬರೆದಿದ್ದರೂ ಕರೆ ಮಾಡುವ ಸಾಧನವೇ ಸತ್ತಿರುತ್ತದೆ. ಕೊಪ್ಪದ ಕಡೆಯಿಂದಾಗಲೀ ನರಸಿಂಹರಾಜಪುರದ ಕಡೆಯಿಂದಾಗಲೀ ವಾಹನ ಬರುವಂತಿಲ್ಲ. ಅಂಥ ಹೊತ್ತಿನಲ್ಲಿ ಒಂದು ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ, ಇನ್ನೊಂದು ಮನೆಯ ಹಿಂದಿನ ಧರೆ ಜರಿಯತೊಡಗಿದರೆ, ಬಾಗಿಲಿಗೆ ಬರುವವರು ಯಾರು? ಪಕ್ಕದ ಮನೆಯವರು. ಮರ ಕೊಯ್ಯುವ ಯಂತ್ರವಿರುವ ಒಬ್ಬ ಕೂಲಿಕಾರ, ಜೀಪು ಇಟ್ಟುಕೊಂಡ ಒಬ್ಬ ಯುವಕ, ಅಡಕೆ ಮರವೇರಿ ಹಗ್ಗದಲ್ಲೇ ಬದುಕು ಸವೆಸಿದ ಒಬ್ಬ ಕೊನೆಗಾರ, ಆಶಾ ಕಾರ್ಯಕರ್ತೆ ಮತ್ತು ಒದ್ದೆಯಾದ ಬಟ್ಟೆಯಲ್ಲೇ ಕಂಬ ಹತ್ತುವ ಲೈನ್‌ಮನ್. ಮಲೆನಾಡಿನ ವಿಪತ್ತು ನಿರ್ವಹಣಾ ಪಡೆ ಎಂಬುದೇನಾದರೂ ಇದ್ದರೆ ಅದು ಇಷ್ಟೇ.

ಇದು ಯಾವುದೇ ಇಲಾಖೆಯನ್ನು ದೂರುವ ಮಾತಲ್ಲ, ಭೂಗೋಳದ ಮಾತು. ನರಸಿಂಹರಾಜಪುರದಿಂದ ಜಿಲ್ಲಾ ಕೇಂದ್ರವನ್ನು ತಲುಪಬೇಕಾದರೆ ಬಾಳೆಹೊನ್ನೂರು, ಆಲ್ದೂರುಗಳನ್ನು ದಾಟಿ ಚಿಕ್ಕಮಗಳೂರಿಗೆ ಹೋಗಬೇಕು. ಕಾಯಿಲೆ ಬಿದ್ದವರನ್ನು ಮಾತ್ರ ಜನ ಕರೆದೊಯ್ಯುವುದು ಶಿವಮೊಗ್ಗಕ್ಕೆ ಅಥವಾ ಮಣಿಪಾಲಕ್ಕೆ. ಆಡಳಿತದ ದಾರಿ ಒಂದು ದಿಕ್ಕಿಗೆ, ಆಂಬುಲೆನ್ಸಿನ ದಾರಿ ಇನ್ನೊಂದು ದಿಕ್ಕಿಗೆ. ರಾಜ್ಯದ ನೆರವಿಗೆ ಧಾವಿಸುವ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 10ನೇ ಬೆಟಾಲಿಯನ್ನಿನ ಮುಖ್ಯ ನೆಲೆಯಂತೂ ಆಂಧ್ರಪ್ರದೇಶದಲ್ಲಿದೆ. ಅವರ ಪರಿಣತಿಯೂ ಧೈರ್ಯವೂ ದೊಡ್ಡವು. ಆದರೆ ಅವರು ಬರುವವರೆಗಿನ ಹೊತ್ತನ್ನು ಊರೇ ನಿಭಾಯಿಸಬೇಕು, ಮತ್ತು ಜೀವ ಉಳಿಯುವುದು ಅಥವಾ ಹೋಗುವುದು ಬಹುಪಾಲು ಆ ಹೊತ್ತಿನಲ್ಲೇ.

2019ರ ಆಗಸ್ಟ್ ತಿಂಗಳು ಇದನ್ನು ಜಿಲ್ಲೆಗೆ ಕಲಿಸಿತು. ಭದ್ರೆ ಉಕ್ಕಿ ಕಳಸ–ಹೊರನಾಡು ನಡುವಣ ಹೆಬ್ಬಾಳೆ ಸೇತುವೆ ಮುಳುಗಿತು. ಚಾರ್ಮಾಡಿ ಘಾಟಿ ಅನೇಕ ಕಡೆ ಕುಸಿದು ಸಂಚಾರ ನಿಂತಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ಗದ್ದೆ, ತೋಟಗಳು ಮಣ್ಣಿನಡಿ ಸೇರಿದವು. ಶೃಂಗೇರಿಯಲ್ಲಿ ತುಂಗೆ ದಡ ಮೀರಿ ಗಾಂಧಿ ಮೈದಾನಕ್ಕೆ ನುಗ್ಗಿದಳು. ಮನೆ ಕಳೆದುಕೊಂಡ ಮಲೆಮನೆಯಂಥ ಊರುಗಳ ಕುಟುಂಬಗಳು ಬದಲಿ ನೆಲೆಗಾಗಿ ವರ್ಷಗಟ್ಟಲೆ ಕಾದವು. ಅದೇ ವರ್ಷ ಅದೇ ಮಳೆಯಲ್ಲಿ, ಆಗಸ್ಟ್ 8ರಂದು, ಕೇರಳದ ವಯನಾಡಿನ ಪುತ್ತುಮಲದಲ್ಲಿ ಗುಡ್ಡವೊಂದು ಕುಸಿದು 17 ಮಂದಿ ಸತ್ತರು. ಸಹ್ಯಾದ್ರಿಗೆ ರಾಜ್ಯದ ಗಡಿ ಗೊತ್ತಿಲ್ಲ.

ವಯನಾಡಿನ ಹೆಸರು ಬಂದದ್ದರಿಂದ ಅಲ್ಲಿಯ ಒಂದು ಪ್ರಯತ್ನವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಶೆಟ್ಟಿಕೊಪ್ಪದಂಥ ಊರಿಗೆ ಅದಕ್ಕಿಂತ ಹತ್ತಿರದ ಪಾಠ ಬೇರೆ ಇಲ್ಲ. ಕಲ್ಪೆಟ್ಟದಲ್ಲಿರುವ ಹ್ಯೂಮ್ ಪರಿಸರ ಮತ್ತು ವನ್ಯಜೀವಿ ಅಧ್ಯಯನ ಕೇಂದ್ರವು ಜಿಲ್ಲೆಯಾದ್ಯಂತ 200ಕ್ಕೂ ಹೆಚ್ಚು ಮಳೆಮಾಪಕಗಳ ಜಾಲವನ್ನು ಹೆಣೆದಿದೆ. ಸ್ಥಳೀಯರೇ ದಿನವೂ ನೀರಿನ ಮಟ್ಟ ಓದಿ ಅಂಕಿ ಕಳುಹಿಸುತ್ತಾರೆ. ಕೇಂದ್ರವು ಅವನ್ನು ಒಟ್ಟುಗೂಡಿಸಿ, ಯಾವ ಬೆಟ್ಟದ ಮೇಲೆ ಎಷ್ಟು ದಿನದಲ್ಲಿ ಎಷ್ಟು ನೀರು ಇಂಗಿದೆ ಎಂದು ಲೆಕ್ಕ ಹಾಕಿ, ಅಪಾಯ ಕಂಡಾಗ ಜಿಲ್ಲಾಡಳಿತಕ್ಕೆ ತಿಳಿಸುತ್ತದೆ. 2020ರಲ್ಲಿ ಹೀಗೆ ಬಂದ ಎಚ್ಚರಿಕೆಯ ಮೇಲೆ ಮುಂಡಕ್ಕೈ ಭಾಗದ ಜನರನ್ನು ಸ್ಥಳಾಂತರಿಸಲಾಯಿತು. ಬಳಿಕ ಗುಡ್ಡ ಜರಿಯಿತು, ಜನ ಉಳಿದರು. 2024ರ ಜುಲೈ ಕೊನೆಯಲ್ಲಿ ಪುತ್ತುಮಲದ ಮಾಪಕ 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ತೋರಿಸಿತು. ಕೇಂದ್ರದವರು ಜುಲೈ 29ರಂದೇ ಎಚ್ಚರಿಸಿದರು. ಆದರೆ ಆ ಮಾತು ಮುಂಡಕ್ಕೈ ಮತ್ತು ಚೂರಲ್‌ಮಲೆಯ ಎಲ್ಲ ಬಾಗಿಲುಗಳನ್ನು ತಟ್ಟುವ ಆದೇಶವಾಗಿ ಮಾರ್ಪಡಲಿಲ್ಲ. ಜುಲೈ 30ರ ನಸುಕಿನಲ್ಲಿ ಇಳಿದ ಮಣ್ಣು, ಬಂಡೆ, ನೀರು ಕಾಣೆಯಾದವರೂ ಸೇರಿ ಸುಮಾರು 300 ಜನರನ್ನು ಬಲಿ ತೆಗೆದುಕೊಂಡಿತು.

ಮಾಪಕಗಳ ಜಾಲ ಎರಡು ಸಲವೂ ಅಪಾಯವನ್ನು ಕಂಡಿತ್ತು. ವ್ಯತ್ಯಾಸವಾದದ್ದು ಕೇಳುವ ಕಿವಿಯಲ್ಲಿ. ಊರಿನವರು ಅಳೆದ ಮಳೆಯನ್ನು ಕೇಳಲೇಬೇಕಾದ ಸ್ಥಾನದಲ್ಲಿ ಯಾರೂ ಇಲ್ಲದಿದ್ದರೆ, ಕೇಳಿದವರು ಇಂತಿಷ್ಟು ಗಂಟೆಗಳಲ್ಲಿ ಇಂಥ ಕೆಲಸ ಮಾಡಬೇಕೆಂದು ಮೊದಲೇ ಬರೆದಿಡದಿದ್ದರೆ, ಆ ಅಂಕಿಗಳು ಬರಿಯ ಅಂಕಿಗಳಾಗಿ ಉಳಿಯುತ್ತವೆ. ‘ಸ್ಥಳೀಯ ಸಹಭಾಗಿತ್ವ’ ಎಂಬ ಮಾತು ಸಭೆ, ಸಮಾರಂಭಗಳಲ್ಲಿ ಸವೆದುಹೋಗಿದೆ. ಅದರ ನಿಜವಾದ ಅರ್ಥ ಪರೀಕ್ಷೆಗೆ ಬರುವುದು ಇಲ್ಲಿಯೇ.

ಮಳೆ ಅಳೆಯುವುದು ಮಲೆನಾಡಿಗೆ ಹೊಸ ವಿದ್ಯೆಯೇನೂ ಅಲ್ಲ. ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಇಂಚು, ಸೆಂಟುಗಳ ಲೆಕ್ಕದಲ್ಲಿ ಮಳೆ ಬರೆದಿಟ್ಟ ಪುಸ್ತಕಗಳಿವೆ. ಇತ್ತ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಾಪಕಗಳನ್ನು ನಿಲ್ಲಿಸಿದೆ. ಅವು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಸುದ್ದಿ ಕಳುಹಿಸುತ್ತವೆ. ದೇಶದಲ್ಲೇ ಮೆಚ್ಚತಕ್ಕ ವ್ಯವಸ್ಥೆಯಿದು. ಆದರೆ ಬೆಂಗಳೂರಿಗೆ ಹೋದ ಸುದ್ದಿ ಅದೇ ವೇಗದಲ್ಲಿ ಗುಡ್ಡದ ಬುಡದ ಮನೆಗೆ ಮರಳಿ ಬರುತ್ತದೆಯೇ? ಪಂಚಾಯಿತಿ ಕಟ್ಟಡದ ಮೇಲೆ ಬಿದ್ದ ಮಳೆಗೂ ಎರಡು ಮೈಲಿ ಆಚೆಯ ಕಣಿವೆಯಲ್ಲಿ ಬಿದ್ದ ಮಳೆಗೂ ಎಷ್ಟು ಅಂತರವಿರುತ್ತದೆ ಎಂಬುದನ್ನು ಮಲೆನಾಡಿನ ಯಾವ ಕೃಷಿಕನಿಗೂ ಹೇಳಿಕೊಡಬೇಕಾಗಿಲ್ಲ. ಸರ್ಕಾರದ ಮಾಪಕದ ಜೊತೆಗೆ ತೋಟದ ಮಾಪಕ, ಪ್ರೌಢಶಾಲೆಯ ಅಂಗಳದ ಮಾಪಕ ಒಂದೇ ಹಲಗೆಯ ಮೇಲೆ ಬರಬೇಕು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತವಾದ ವಿಜ್ಞಾನ ಪಾಠ ಇನ್ನೊಂದಿರಲಾರದು.

ನಕ್ಷೆಗಳ ಕಥೆಯೂ ಹೀಗೆಯೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಭೂಕುಸಿತದ ಸಾಧ್ಯತೆಯಿರುವ ಪ್ರದೇಶಗಳನ್ನು 1:50,000 ಪ್ರಮಾಣದಲ್ಲಿ ಗುರುತಿಸಿದೆ. ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲೆ ಅರ್ಧ ಕಿಲೋಮೀಟರು. ಅಷ್ಟರೊಳಗೆ ಒಂದು ಕೇರಿ, ಎರಡು ಹಳ್ಳ, ಒಂದು ಶಾಲೆ, ಹೊಸದಾಗಿ ಗುಡ್ಡ ಕಡಿದು ಮಾಡಿದ ರಸ್ತೆ ಎಲ್ಲವೂ ಅಡಗಿಹೋಗುತ್ತವೆ. ಯಾವ ಧರೆಯಲ್ಲಿ ಹೋದ ವರ್ಷ ಬಿರುಕು ಕಂಡಿತು, ಯಾವ ಒರತೆಯ ನೀರು ಕೆಂಪಾಗಿ ಬಂತು, ಯಾವ ಹಳ್ಳದ ಹಳೆಯ ದಾರಿಯನ್ನು ಮುಚ್ಚಿ ಮನೆ ಕಟ್ಟಲಾಯಿತು ಎಂಬುದು ಆ ನಕ್ಷೆಗೆ ತಿಳಿಯದು. ಊರಿನ ಮುದುಕರಿಗೆ ತಿಳಿದಿದೆ. ಶೃಂಗೇರಿ ತಾಲ್ಲೂಕಿನ ನೆಮ್ಮಾರು ಬಳಿ ಹೆದ್ದಾರಿಗಾಗಿ ಲಂಬವಾಗಿ ಕಡಿದ ಗುಡ್ಡ ಇತ್ತೀಚಿನ ಮಳೆಗಾಲಗಳಲ್ಲಿ ಜರಿದಾಗ, ಅದು ಜರಿಯುತ್ತದೆಂದು ಸುತ್ತಲಿನವರಿಗೆ ಹೇಳಲು ಭೂಗರ್ಭಶಾಸ್ತ್ರ ಬೇಕಿರಲಿಲ್ಲ.

ಇಲ್ಲಿ ಒಂದು ಕಹಿ ಸತ್ಯವನ್ನೂ ಒಪ್ಪಿಕೊಳ್ಳಬೇಕು. ಮೇಲಿನಿಂದ ಬರುವ ಯಾವ ನಕ್ಷೆಯನ್ನಾದರೂ ಈ ಮೂರು ತಾಲ್ಲೂಕುಗಳ ಜನ ಇಂದು ಅನುಮಾನದಿಂದಲೇ ನೋಡುತ್ತಾರೆ. ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟ ಮೇಲೆ ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬಂದವು. ಆರನೆಯದು ಬಂದದ್ದು ವಯನಾಡಿನ ದುರಂತದ ಮರುದಿನ, 2024ರ ಜುಲೈ 31ರಂದು. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಈ ನಡುವೆ ಹಳ್ಳಿಗಳಲ್ಲಿ ಉಳಿದದ್ದು ಒಂದೇ ಪ್ರಶ್ನೆ: ‘ಎಬ್ಬಿಸುತ್ತಾರಾ?’ ವರದಿಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಗ್ರಾಮಸಭೆಯಲ್ಲಿ ಕುಳಿತು ಓದಿ ಹೇಳಿದವರು ವಿರಳ. ವರದಿಯನ್ನು ಬೆಂಬಲಿಸಿದ ಪರಿಸರಾಸಕ್ತರೂ ಆ ಕೆಲಸವನ್ನು ಸಾಕಷ್ಟು ಮಾಡಲಿಲ್ಲ ಎಂಬುದನ್ನು ಮರೆಮಾಚಬಾರದು. ಭೂಕುಸಿತದ ಅಪಾಯವಿರುವ ಮನೆಗಳ ಪಟ್ಟಿಯೂ ಅದೇ ಹಾದಿಯಲ್ಲಿ ಕಚೇರಿಯಿಂದ ಇಳಿದು ಬಂದರೆ ಜನ ಅದನ್ನು ಒಕ್ಕಲೆಬ್ಬಿಸುವ ಪಟ್ಟಿಯೆಂದೇ ತಿಳಿಯುತ್ತಾರೆ. ಮಳೆ ಬಿರುಸಾದ ರಾತ್ರಿ ಮನೆ ಬಿಡಿರೆಂದರೆ ಬಿಡಲಾರರು, ಬಿಟ್ಟ ಮನೆಗೆ ಮರಳಲು ಬಿಡುವುದಿಲ್ಲವೆಂಬ ಭಯ ಅವರಿಗೆ. ಪಟ್ಟಿಯನ್ನು ಊರೇ ತಯಾರಿಸಬೇಕು ಎಂಬುದಕ್ಕೆ ಇದೇ ಬಲವಾದ ಕಾರಣ.

ಕಾನೂನು ಇದಕ್ಕೆ ಅಡ್ಡಿಯಾಗಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷರು. ಸಹ ಅಧ್ಯಕ್ಷ ಸ್ಥಾನ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಯದು. ಸಿಬ್ಬಂದಿಗೆ ತರಬೇತಿ ಕೊಡುವುದು, ಸಾಮಗ್ರಿ ಸಜ್ಜಾಗಿಡುವುದು, ಯೋಜನೆಗೆ ಅನುಸಾರವಾಗಿ ಪರಿಹಾರ ಕಾರ್ಯ ನಡೆಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು 41ನೇ ಕಲಮು ಹೇಳುತ್ತದೆ. ಪಂಚಾಯಿತಿಯ ಕೈಯಲ್ಲಿ ಕರ್ತವ್ಯವಿದೆ, ಹಣವಿಲ್ಲ. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಕುಳಿತ ವರ್ಷಗಳಲ್ಲಂತೂ ಕೇಳುವವರೂ ಇರುವುದಿಲ್ಲ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಹಾಕಿಕೊಟ್ಟ ಲೆಕ್ಕದಲ್ಲಿ ರಾಜ್ಯದ ವಿಪತ್ತು ನಿಧಿಯ ನೂರು ರೂಪಾಯಿಗೆ ಹತ್ತು ರೂಪಾಯಿ ಸಿದ್ಧತೆಗೆಂದೂ ಇಪ್ಪತ್ತು ರೂಪಾಯಿ ಅಪಾಯ ತಗ್ಗಿಸುವುದಕ್ಕೆಂದೂ ಮೀಸಲಾಯಿತು. ಆ ಹತ್ತರಲ್ಲಿ ಗುಡ್ಡದ ಪಂಚಾಯಿತಿಗಳಿಗೆ ಎಷ್ಟು ಪೈಸೆ ಇಳಿಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಬಲ್ಲ ವಿದ್ಯಾರ್ಥಿಗಳು ಕೊಪ್ಪ, ಶೃಂಗೇರಿ ಕಾಲೇಜುಗಳಲ್ಲಿದ್ದಾರೆ.

ಈ ರೋಗ ಭಾರತದ್ದು ಮಾತ್ರವಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ್ದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದಾನಿ ರಾಷ್ಟ್ರಗಳೂ ನೆರವು ಸಂಸ್ಥೆಗಳೂ ಒಂದು ಒಪ್ಪಂದ ಮಾಡಿಕೊಂಡವು. ನೆರವಿನ ಹಣದ ಶೇಕಡಾ 25ರಷ್ಟನ್ನು 2020ರೊಳಗೆ ಸ್ಥಳೀಯ ಮತ್ತು ರಾಷ್ಟ್ರೀಯ ಸಂಘಟನೆಗಳ ಕೈಗೆ ಸಾಧ್ಯವಾದಷ್ಟೂ ನೇರವಾಗಿ ಕೊಡಬೇಕೆಂಬುದು ಅದರ ಒಂದು ಅಂಶ. 2020 ಬಂತು, ಹೋಯಿತು, ಗುರಿ ಮುಟ್ಟಲಿಲ್ಲ. ಹಣವಿರುವವರಿಗೆ ಹಣವಿಲ್ಲದವರ ಮೇಲೆ ನಂಬಿಕೆ ಬರುವುದು ಎಲ್ಲೆಡೆಯೂ ತಡವಾಗಿಯೇ ಎಂದು ತೋರುತ್ತದೆ.

ವಿಪತ್ತೆಂದರೆ ನೆರೆ, ಕುಸಿತ ಮಾತ್ರವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆ ಈ ಸೀಮೆಯನ್ನು ಇಂದಿಗೂ ಬಿಟ್ಟಿಲ್ಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರಿಂದ ತತ್ತರಿಸಿತು. 2024ರ ಆರಂಭದಲ್ಲಿ ಶೃಂಗೇರಿ ತಾಲ್ಲೂಕಿನ ಹಿರಿಯರೊಬ್ಬರು ಅದಕ್ಕೆ ಬಲಿಯಾದರು. ಹಳೆಯ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ಹಾಗಾಗಿ ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಮತ್ತು ಸತ್ತ ಮಂಗದ ಸುದ್ದಿ, ಇವೆರಡೇ ಜನರ ಕೈಯಲ್ಲಿದ್ದ ಮುಖ್ಯ ಆಯುಧಗಳಾದವು. ಸತ್ತ ಮಂಗವನ್ನು ಕಾಡಿನಲ್ಲಿ ಮೊದಲು ಕಾಣುವವರು ಸೌದೆಗೆ, ದರಗಿಗೆ ಹೋದವರು. ಅವರು ಆಶಾ ಕಾರ್ಯಕರ್ತೆಗೆ ಹೇಳಿ, ಆಕೆ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಅಂಗಾಂಶ ಪರೀಕ್ಷೆಗೆ ಹೋಗುತ್ತದೆ, ಆ ಕಾಡಿಗೆ ಕಾಲಿಡದಂತೆ ಎಚ್ಚರಿಕೆ ಹೊರಡುತ್ತದೆ. ಹಾಗೆ ನೋಡಿದರೆ ಮಲೆನಾಡಿನ ಅತ್ಯಂತ ಹಳೆಯ ವಿಪತ್ತು ಸಹಭಾಗಿತ್ವ ಇದೇ. ಆದರೆ ಅದರ ನಡುಗಂಬವಾದ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನ ಬೀದಿಯಲ್ಲಿ ರಾತ್ರಿ ಕಳೆಯಬೇಕಾಯಿತು. ಬಿಟ್ಟಿ ದುಡಿಮೆಗೆ ಸಹಭಾಗಿತ್ವವೆಂಬ ಹೆಸರಿಟ್ಟರೆ ಅದು ಬಹುಕಾಲ ಬಾಳದು.

ಸ್ಥಳೀಯವಾದದ್ದೆಲ್ಲ ಒಳ್ಳೆಯದೆಂಬ ಭ್ರಮೆಯೂ ಬೇಡ. ಊರೆಂದರೆ ಒಂದೇ ಮನಸ್ಸಿನ ಸಮುದಾಯವಲ್ಲ. ನರಸಿಂಹರಾಜಪುರ ತಾಲ್ಲೂಕಿನಲ್ಲಿ ಮೂಲದಿಂದ ಇರುವ ಒಕ್ಕಲುಗಳಿವೆ, ಕೇರಳದಿಂದ ಬಂದು ರಬ್ಬರ್, ಶುಂಠಿ ಬೆಳೆದು ನೆಲೆನಿಂತ ಕುಟುಂಬಗಳಿವೆ, ಭದ್ರಾ ಹಿನ್ನೀರಿಗೆ ನೆಲ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳಿದ್ದಾರೆ, ಕಾಡಂಚಿನ ಗಿರಿಜನರಿದ್ದಾರೆ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದ ಕಾರ್ಮಿಕರಿದ್ದಾರೆ. ಇವರಲ್ಲಿ ಕೊನೆಯವರ ಹೆಸರು ಪಡಿತರ ಚೀಟಿಯಲ್ಲಿಲ್ಲ, ಮತದಾರರ ಪಟ್ಟಿಯಲ್ಲಿಲ್ಲ. ಮಣ್ಣಿನಡಿ ಸಿಲುಕಿದರೆ ಎಷ್ಟು ಮಂದಿಯೆಂದು ಎಣಿಸಲೂ ಯಾರಿಗೂ ತಿಳಿಯದು. ಕಾಳಜಿ ಕೇಂದ್ರವನ್ನು ಎಲ್ಲಿ ತೆರೆಯಬೇಕೆಂಬುದೂ ಸಣ್ಣ ವಿಷಯವಲ್ಲ. ದೊಡ್ಡವರ ಅಂಗಳದಲ್ಲಿ ತೆರೆದರೆ ಹೊಸ್ತಿಲಾಚೆ ನಿಲ್ಲುವವರು ಯಾರೆಂದು ಊರಿಗೇ ಗೊತ್ತು. ಅದು ಶಾಲೆಯಲ್ಲೋ ಸಮುದಾಯ ಭವನದಲ್ಲೋ ಇರಬೇಕು, ದೇವಸ್ಥಾನ, ಚರ್ಚು, ಮಸೀದಿಗಳು ಅಕ್ಕಿ, ಪಾತ್ರೆ, ಜನಬಲಗಳನ್ನು ಅಲ್ಲಿಗೆ ತಲುಪಿಸಬೇಕು.

ದಾಖಲೆಯ ಪ್ರಶ್ನೆ ಇದಕ್ಕಿಂತಲೂ ತೊಡಕಿನದು. 2019ರಲ್ಲಿ ಪೂರ್ಣ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಉದಾರವಾದ ಮೊತ್ತವೇ ಸರಿ. ಆದರೆ ಮನೆ ನಿಂತ ನೆಲ ಕಂದಾಯದ್ದೋ ಅರಣ್ಯದ್ದೋ ಎಂಬುದು ದಶಕಗಳಿಂದ ತೀರ್ಮಾನವಾಗದ ಕಡೆ, ಹಕ್ಕುಪತ್ರದ ಅರ್ಜಿ ತಾಲ್ಲೂಕು ಕಚೇರಿಯಲ್ಲಿ ಧೂಳು ತಿನ್ನುವ ಕಡೆ, ಬಿದ್ದ ಗೋಡೆಗೆ ಸಾಕ್ಷಿ ಯಾರು? ಮಳೆಗೆ ಮುನ್ನವೇ ಪ್ರತಿ ಮನೆಯ ಛಾಯಾಚಿತ್ರವನ್ನೂ ವಾಸವಿರುವವರ ಹೆಸರನ್ನೂ ವಾರ್ಡ್ ಸಭೆಯ ಮುಂದಿಟ್ಟು ನಡವಳಿಯಲ್ಲಿ ಬರೆಸುವುದು ಸಾಧ್ಯವಿದೆ. ನೆಲದ ಹಕ್ಕು ಅದರಿಂದ ಸಿಗದು. ಅಲ್ಲೊಂದು ಮನೆಯಿತ್ತೆಂಬ ಸಾಕ್ಷಿಯಾದರೂ ಉಳಿಯುತ್ತದೆ.

ಹೊರಗಿನಿಂದ ಬರುವ ನೆರವಿಗೂ ಊರಿನಲ್ಲಿ ಒಂದು ಬಾಗಿಲಿರಬೇಕು. 2018ರ ಕೊಡಗಿನ ದುರಂತದಲ್ಲಿ ನಾಡಿನ ಮೂಲೆ ಮೂಲೆಗಳಿಂದ ಲಾರಿಗಟ್ಟಲೆ ಸಾಮಗ್ರಿ ಹರಿದುಬಂತು. ಕನ್ನಡಿಗರ ಔದಾರ್ಯಕ್ಕೆ ಅದು ಸಾಕ್ಷಿ. ಬಂದುದನ್ನು ವಿಂಗಡಿಸಿ, ಬೇಕಾದವರಿಗೆ ಬೇಕಾದುದನ್ನು ಮುಟ್ಟಿಸುವುದು ಮಾತ್ರ ಇನ್ನೊಂದು ದೊಡ್ಡ ಕೆಲಸವಾಯಿತು. ರಸ್ತೆ ಬದಿಯ ಕೇಂದ್ರಕ್ಕೆ ಎರಡೆರಡು ಸಲ ಬರುವ ಕಂಬಳಿ ಒಳಗಿನ ಕೇರಿಗೆ ಒಮ್ಮೆಯೂ ಬರುವುದಿಲ್ಲ. ಸಹಕಾರ ಸಂಘದ ಗೋದಾಮು, ಸ್ತ್ರೀಶಕ್ತಿ ಗುಂಪುಗಳ ಸದಸ್ಯೆಯರು, 2020ರಿಂದ ತಾಲ್ಲೂಕುಗಳಲ್ಲಿ ಕೆಲಸ ಮಾಡುತ್ತಿರುವ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಶೌರ್ಯ’ ಸ್ವಯಂಸೇವಕರು, ಯುವಕ ಸಂಘಗಳು, ಇವರೆಲ್ಲ ಬೇರೆ ಬೇರೆಯಾಗಿ ಓಡಾಡುವ ಬದಲು ಪಂಚಾಯಿತಿಯ ಒಂದೇ ಪಟ್ಟಿಯ ಕೆಳಗೆ ನಿಂತರೆ ದಾನಿಗಳಿಗೂ ಕೇಳಲು ಒಂದು ಜಾಗ ಸಿಗುತ್ತದೆ: ಏನು ಬೇಕು, ಎಷ್ಟು ಬೇಕು, ಇನ್ನು ಏನು ಬೇಡ.

ಹಳೆಯ ಮಲೆನಾಡಿನಲ್ಲಿ ಮಳೆಗಾಲದ ತಯಾರಿಯೆಂದರೆ ಸೌದೆ ಒಟ್ಟುವುದು, ಸೋಗೆ ಹೊದಿಸುವುದು, ಅಗಳ ಬಿಡಿಸುವುದು ಮಾತ್ರವಾಗಿರಲಿಲ್ಲ. ಹಳ್ಳಕ್ಕೆ ಕಾಲುಸಂಕ ಹಾಕಲು ಮನೆಗೊಂದು ಆಳು ಹೋಗುತ್ತಿತ್ತು. ಯಾರ ಮನೆಯಿಂದ ಮರ, ಯಾರ ಮನೆಯಿಂದ ಬಳ್ಳಿ ಎಂಬುದು ಬಾಯಲ್ಲೇ ತೀರ್ಮಾನವಾಗುತ್ತಿತ್ತು. ಆ ವ್ಯವಸ್ಥೆಯನ್ನು ವೈಭವೀಕರಿಸಬೇಕಾಗಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಅಂಥ ಹಳ್ಳಗಳಿಗೆ ಬೇಕಾದುದು ಗಟ್ಟಿಯಾದ ಸೇತುವೆ, ಅದನ್ನು ಕಟ್ಟಬೇಕಾದುದು ಸರ್ಕಾರ. ಆದರೆ ಯಾವ ಹಳ್ಳ ಮೊದಲು, ಯಾವುದು ಆಮೇಲೆ ಎಂದು ಹೇಳುವ ಹಕ್ಕು ಆ ಹಳ್ಳ ದಾಟುವ ಮಕ್ಕಳ ತಾಯಂದಿರದು. ಆ ಮಾತನ್ನು ದಾಖಲಿಸುವ ಜಾಗ ಗ್ರಾಮಸಭೆ.

ರೋಹಿಣಿ ಮಳೆಗೆ ಮುನ್ನ, ಮೇ ತಿಂಗಳ ನಡುವೆ, ಶೆಟ್ಟಿಕೊಪ್ಪದಲ್ಲೂ ಸುತ್ತಲಿನ ಪ್ರತಿ ಪಂಚಾಯಿತಿಯಲ್ಲೂ ಇದಕ್ಕೆಂದೇ ಒಂದು ಗ್ರಾಮಸಭೆ ನಡೆಯಬೇಕು. ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಮೆಸ್ಕಾಂ ಲೈನ್‌ಮನ್, ಅರಣ್ಯ ರಕ್ಷಕ, ಆಶಾ ಕಾರ್ಯಕರ್ತೆ, ಶಾಲೆಯ ಮುಖ್ಯೋಪಾಧ್ಯಾಯರು ಅಲ್ಲಿರಬೇಕು. ಮರ ಕೊಯ್ಯುವ ಯಂತ್ರ, ಜೀಪು, ಜನರೇಟರ್, ಉದ್ದದ ಹಗ್ಗ ಯಾರ ಮನೆಯಲ್ಲಿವೆ, ಮೂರು ತಿಂಗಳೊಳಗೆ ಹೆರಿಗೆಯಾಗುವವರು ಯಾರು, ಡಯಾಲಿಸಿಸ್‌ಗೆ ಹೋಗುವವರು, ಹಾಸಿಗೆ ಹಿಡಿದವರು ಯಾರು, ಲೈನ್ ಮನೆಗಳಲ್ಲಿ ಎಷ್ಟು ತಲೆ, ಯಾವ ಧರೆಯ ಕೆಳಗೆ ಎಷ್ಟು ಮನೆ, ಎಷ್ಟು ಮಳೆ ಬಿದ್ದರೆ ಅವರು ಎಲ್ಲಿಗೆ ಹೋಗಬೇಕು, ಫೋನು ಸತ್ತಾಗ ಯಾವ ಮನೆಗೆ ಯಾರು ನಡೆದು ಹೋಗಿ ಹೇಳಬೇಕು, ಯಂತ್ರದ ಪೆಟ್ರೋಲಿಗೆ, ಜೀಪಿನ ಡೀಸೆಲಿಗೆ, ರಾತ್ರಿ ದುಡಿದವರ ಕೂಲಿಗೆ ಹಣ ಯಾವ ಲೆಕ್ಕದಿಂದ ಎಂಬುದೆಲ್ಲ ನಡವಳಿ ಪುಸ್ತಕದಲ್ಲಿ ಬರಬೇಕು. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಪ್ರತಿ ನ್ಯಾಯಬೆಲೆ ಅಂಗಡಿಯ ಗೋಡೆಗೆ. ಮಸಿ ಅಳಿಯದಂತೆ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿರಬೇಕು.